1950ರ ಏಳು ನಾಣ್ಯದ ಸೆಟ್: ಖರೇ ಪ್ರೂಫೋ, ಪಾಲಿಶ್ ಹೊಡೆದದ್ದೋ?

ಆಣೆಕಾಸು, ರಾಯಚೂರು

1950ರ ಸೆಟ್ ಒಂದು ಮಾರಾಟಕ್ಕ ಬಂದದ. ರೂಪಾಯಿ, ಎಂಟಾಣೆ, ಪಾವಲಿ, ಎರಡಾಣೆ, ಒಂದಾಣೆ, ಅರ್ಧಾಣೆ, ಪೈಸೆ, ಒಟ್ಟು ಏಳು. ಮಾರೋರು ಮುಂಬೈ ಟಂಕಸಾಲಿ ಪ್ರೂಫ್ (ಉಜ್ಜಿದ ಅಚ್ಚಿಲೆ ಸಂಗ್ರಾಹಕರಿಗಂತ ಹೊಡೆದ ನಾಣ್ಯ) ಅಂತ ಹೇಳ್ತಾರ. ಇಸವಿ ಕೆಳಗ ವಜ್ರದ ಗುರುತು ಅದ ಅನ್ನೋದೇ ಅವರ ದೊಡ್ಡ ಸಾಕ್ಷಿ. ಮೂಲ ಪೆಟ್ಟಿಗಿ ಇಲ್ಲ, ಬಂಗಾರದ ಅಂಗಡಿಯೊಳಗ ಕೊಡೋ ಮಖಮಲ್ ಡಬ್ಬಿ ಅದ.

ಪತ್ತಾರರ ತಕ್ಕಡಿ ಮ್ಯಾಲೆ ತೂಕ ಹಿಂಗ ಬಂತು: ರೂಪಾಯಿ 11.57 ಗ್ರಾಂ, ಎಂಟಾಣೆ 5.83, ಎರಡಾಣೆ 5.82, ಒಂದಾಣೆ 3.89, ಅರ್ಧಾಣೆ 2.91. ರೂಪಾಯಿ ಕನ್ನಡಿ ಹಂಗ ಹೊಳೀತದ, ಬಾಕಿ ಆರಕ್ಕಿಂತ ಜಾಸ್ತಿನೇ. ಪೈಸೆ ಮ್ಯಾಲೆ ಅಂಚಿಗೆ ಹಸಿರು ಜಿಗುಟು ಕೂತದ.

ಕೇಳೋದು ಇಷ್ಟು. ಏಳೂ ಒಂದೇ ಸೆಟ್ಟಿನವು ಅಂತ ಹೆಂಗ ನಂಬೋದು? ಹಸಿರು ತೆಗೀಬಹುದಾ? ತಗೊಂಡ್ರ ನಮ್ಮ ಊರಿನ ಬಿಸಲೊಳಗ ಹೆಂಗ ಇಡೋದು?

ಕೋಟೆಗುಡ್ಡ, ಬಳ್ಳಾರಿ

ವಜ್ರದ ಗುರುತನ್ನು ಮೊದಲು ಪಕ್ಕಕ್ಕಿಡಿ ಸರ. ಅದು ಮುಂಬೈ ಟಂಕಸಾಲೆಯ ಗುರುತು ಅಷ್ಟೆ. ಮುಂಬೈಯಲ್ಲಿ ಚಲಾವಣೆಗೆಂದು ಹೊಡೆದ ನಾಣ್ಯದ ಮೇಲೂ ಅದೇ ಇರುತ್ತದೆ, ಕಲ್ಕತ್ತೆಯದಕ್ಕೆ ಗುರುತೇ ಇಲ್ಲ. ಪ್ರೂಫಿಗೆಂದೇ 'ಬಿ' ಅಕ್ಷರ ಹಾಕುವ ಪದ್ಧತಿ ಬಂದದ್ದು 1969ರಲ್ಲಿ, 1996ರಿಂದ ಅದು 'ಎಂ' ಆಯಿತು. ಅಂದರೆ 1969ರ ನಂತರದ ನಾಣ್ಯವನ್ನು ವಜ್ರದ ಗುರುತು ತೋರಿಸಿ ಪ್ರೂಫ್ ಎಂದು ಮಾರಿದರೆ ಅಲ್ಲಿಗೇ ಮಾತು ಮುಗಿಯಿತು. 1950ಕ್ಕೆ ಈ ಸುಲಭದ ಪರೀಕ್ಷೆ ನಡೆಯುವುದಿಲ್ಲ, ಮೈ ನೋಡಿಯೇ ಹೇಳಬೇಕು.

ಪ್ರೂಫ್ ಎಂದರೆ ದರ್ಜೆ ಅಲ್ಲ, ನಾಣ್ಯ ಮಾಡುವ ಬಗೆ. ಅಚ್ಚನ್ನು ಕನ್ನಡಿಯಂತೆ ಉಜ್ಜಿ, ಖಾಲಿ ಬಿಲ್ಲೆಯನ್ನೂ ಉಜ್ಜಿ, ಒಂದೊಂದನ್ನೇ ಕೈಯಿಂದ ಇಟ್ಟು, ನಿಧಾನಕ್ಕೆ, ಹೆಚ್ಚು ಒತ್ತಡದಲ್ಲಿ, ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಅದಕ್ಕೇ ಅಕ್ಷರಗಳ ಅಂಚು ಕತ್ತರಿಸಿದಂತೆ ಚೂಪಾಗಿ ನಿಲ್ಲುತ್ತವೆ. ಜೇಬಿನಲ್ಲಿ ಓಡಾಡಿ ಸವೆದ ಪ್ರೂಫೂ ಪ್ರೂಫೇ, ಹಾಳಾದ ಪ್ರೂಫ್. ಎಷ್ಟೇ ಹೊಳೆದರೂ ಚಲಾವಣೆಯ ನಾಣ್ಯ ಪ್ರೂಫ್ ಆಗುವುದಿಲ್ಲ.

ಈಗ ಪರೀಕ್ಷೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ) ತೆಗೆದುಕೊಂಡು ಇಸವಿಯ 9 ಮತ್ತು 0ಗಳ ಹೊಟ್ಟೆಯೊಳಗೆ ನೋಡಿ. ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ಓ', 'ಆರ್', 'ಎ'ಗಳ ಒಳಗಿನ ಜಾಗ. ಅಚ್ಚಿನ ಮೇಲೆ ಎಲ್ಲವೂ ತಿರುಗುಮುರುಗು: ನಾಣ್ಯದಲ್ಲಿ ಉಬ್ಬಿದ್ದು ಅಚ್ಚಿನಲ್ಲಿ ತಗ್ಗು, ನಾಣ್ಯದ ಬಯಲು (ಚಿತ್ರ, ಅಕ್ಷರ ಇಲ್ಲದ ಸಪಾಟು ಜಾಗ) ಅಚ್ಚಿನಲ್ಲಿ ಎತ್ತರದ ಜಾಗ. ಸೊನ್ನೆಯ ಹೊಟ್ಟೆ ಅಚ್ಚಿನ ಮೇಲೆ ಪುಟ್ಟ ದಿಬ್ಬದ ಹಾಗೆ ಬಯಲಿನಷ್ಟೇ ಎತ್ತರಕ್ಕೆ ನಿಂತಿರುತ್ತದೆ. ಅಚ್ಚು ಉಜ್ಜುವಾಗ ಆ ದಿಬ್ಬದ ತಲೆಗೂ ಅದೇ ಹೊಳಪು ಬರುತ್ತದೆ. ಹೀಗಾಗಿ ಖರೇ ಪ್ರೂಫಿನಲ್ಲಿ ಸೊನ್ನೆಯ ಒಳಗೂ ಹೊರಗಿನಷ್ಟೇ ಕನ್ನಡಿ.

ಚಲಾವಣೆಯ ನಾಣ್ಯವನ್ನು ಬಫ್ ಮಷಿನ್ನಿಗೆ ಹಿಡಿದರೆ ಉಲ್ಟಾ. ನಾಣ್ಯದ ಮೇಲೆ ಸೊನ್ನೆಯ ಒಳಗು ಒಂದು ಗುಂಡಿ, ಬಟ್ಟೆ ಚಕ್ರ ಅಲ್ಲಿಗೆ ಇಳಿಯುವುದಿಲ್ಲ. ಸುತ್ತ ಪಳಪಳ, ಹೊಟ್ಟೆಯೊಳಗೆ ಮಬ್ಬು, ಕೆಲವೊಮ್ಮೆ ಪಾಲಿಶ್ ಸೋಪಿನ ಕಪ್ಪು ಚೂರೂ ಅಲ್ಲೇ ಕೂತಿರುತ್ತದೆ. ಪತ್ತಾರರ ಅಂಗಡಿಯಲ್ಲಿ ಐದು ನಿಮಿಷದ ಕೆಲಸ ಅದು.

ಬಿಲ್ಲೆ, ಕೊಪ್ಪಳ

ಕೋಟೆಗುಡ್ಡ ಅಣ್ಣಾರು ಹೇಳಿದ್ದು ಖರೆ ಐತಿ. ಇನ್ನೊಂದು ಸೇರಿಸ್ತೀನಿ, ಗೀರಿನ ವಿಚಾರ.

ಪ್ರೂಫ್ ಮ್ಯಾಲೂ ಸಣ್ಣ ಗೆರಿ ಕಾಣ್ತಾವು, ಅದನ್ನ ನೋಡಿ ಹೆದರಬ್ಯಾಡ್ರಿ. ಅಚ್ಚು ಉಜ್ಜಿದಾಗ ಅಚ್ಚಿನ ಮ್ಯಾಲೆ ಬಿದ್ದ ಗೀರು ನಾಣ್ಯದ ಮ್ಯಾಲೆ ಉಬ್ಬಿ ಬರ್ತೈತಿ. ಅದು ಬಯಲಾಗ ಓಡಿ ಅಕ್ಷರದ ಬುಡಕ್ಕ ಬಂದು ನಿಲ್ತೈತಿ, ಅಕ್ಷರದ ಮ್ಯಾಲೆ ಹತ್ತೂದಿಲ್ಲ. ಆಮ್ಯಾಲೆ ಬಟ್ಟಿಲೆ ಒರೆಸಿದ ಗೀರು ತಗ್ಗಿರ್ತೈತಿ, ಬಯಲು ದಾಟಿ ಅಕ್ಷರ ಹತ್ತಿ ಆ ಕಡೆ ಇಳೀತೈತಿ. ಸಿಂಹದ ಎದಿ ಮ್ಯಾಲೆ, ಗೋಧಿ ತೆನಿ ಮ್ಯಾಲೆ ಒಂದೇ ದಿಕ್ಕಿಗೆ ಸಾಲು ಗೀರು ಇದ್ರ ಯಾರೋ ಒರೆಸ್ಯಾರ ಅಂತ ತಿಳೀರಿ.

ಬೆಳಕು ಬಾಳ ಮುಖ್ಯ. ಟ್ಯೂಬ್‌ಲೈಟ್, ಪಟ್ಟಿ ಎಲ್‌ಇಡಿ ಕೆಳಗ ಹೇರ್‌ಲೈನ್ (ಒರೆಸಿದಾಗ ಬೀಳೋ ಕೂದಲೆಳಿಯಂಥ ಗೀರು) ಕಾಣೂದಿಲ್ಲ, ಬೆಳಕು ಎಲ್ಲಾ ಕಡೆಯಿಂದ ಬಂದು ಗೀರು ಮುಚ್ಚಿಬಿಡ್ತೈತಿ. ಕ್ವಾಣಿ ಕತ್ತಲ ಮಾಡಿ, ಒಂದೇ ಬಲ್ಬಿನ ಟೇಬಲ್ ಲ್ಯಾಂಪ್ ಹಚ್ಚಿ, ನಾಣ್ಯ ಅಂಚಿಗೆ ಹಿಡಿದು ನಿಧಾನ ವಾರಿ ಮಾಡ್ರಿ. ಚಲಾವಣಿ ನಾಣ್ಯ ಹೊಸಾದಿದ್ರ ಬೆಳಕು ಬಂಡಿಗಾಲಿ ತಿರುಗಿದಂಗ ಸುತ್ತತೈತಿ. ಪ್ರೂಫಿನಾಗ ಆ ತಿರುಗಾಟ ಇಲ್ಲ, ಬಯಲು ಒಮ್ಮೆ ಕರ್ರಗ, ಒಮ್ಮೆ ಬೆಳ್ಳಗ.

ನಡುವಿಂದೂ ಒಂದೈತಿ, ಪ್ರೂಫ್‌ಲೈಕ್. ಹೊಸಾ ಅಚ್ಚಿನ ಮೊದಲ ನಾಣ್ಯಗಳಿಗೆ ಬಯಲು ಕನ್ನಡಿ ಆಗಿರ್ತೈತಿ, ಆದ್ರ ಒಂದೇ ಹೊಡೆತದ್ದು, ಅಂಚು ದುಂಡಗ. ಪ್ರೂಫಿನ ಅಂಚು ಚೌಕಾಗಿ ನಿಂತಿರ್ತೈತಿ, ಬೆರಳಿಗೆ ಹತ್ತೂ ಹಂಗ. ಬೆರಳಿಂದ ಮುಟ್ಟಿ ನೋಡಬ್ಯಾಡ್ರಿ ಮತ್ತ, ಲೂಪಿನಾಗ ನೋಡ್ರಿ.

ಹಾಲಿಸಿಕ್ಕಾ, ಸಿಂಧನೂರು

ತೂಕದ ಲೆಕ್ಕ ಬರೀತೀನಿ. 1950ರ ರೂಪಾಯಿ ಒಂದು ತೊಲ, 11.66 ಗ್ರಾಂ. ಎಂಟಾಣೆ ಅದರ ಅರ್ಧ 5.83. ಎರಡಾಣೆನೂ 5.83, ಒಂದಾಣೆ 3.89, ಅರ್ಧಾಣೆ 2.92. ಲೋಹ ಮೂರು ಬಗೆ: ರೂಪಾಯಿ, ಎಂಟಾಣೆ, ಪಾವಲಿ ಶುದ್ಧ ನಿಕ್ಕಲ್, ಎರಡಾಣೆ, ಒಂದಾಣೆ, ಅರ್ಧಾಣೆ ತಾಮ್ರ-ನಿಕ್ಕಲ್, ಪೈಸೆ ಕಂಚು. ನಿಕ್ಕಲ್ ಮೂರೂ ಮ್ಯಾಗ್ನೆಟ್‌ಗೆ ಹತ್ತಬೇಕು, ಬಾಕಿ ನಾಲ್ಕು ಹತ್ತಬಾರದು. ಮ್ಯಾಗ್ನೆಟ್ಟನ್ನ ನೇರ ನಾಣ್ಯದ ಮ್ಯಾಲೆ ಬಿಡಬ್ಯಾಡ್ರಿ, ಜಿಗಿದು ಬಡಿದ್ರ ಗೀರು ಬೀಳ್ತದ. ದಾರಕ್ಕ ಕಟ್ಟಿ ಹತ್ತಿರ ಒಯ್ದ್ರ ಸಾಕು, ಎಳೀತದೋ ಇಲ್ಲೋ ತಿಳೀತದ.

ನಿಮ್ಮ ರೂಪಾಯಿ 11.57 ಅಂದ್ರ 0.09 ಕಡಿಮಿ. ಟಂಕಸಾಲಿಯಲ್ಲೇ ಸ್ವಲ್ಪ ಹೆಚ್ಚುಕಡಿಮಿ ಇರ್ತದ, ಆದ್ರಿಂದ ತೂಕ ಒಂದರ ಮ್ಯಾಲೆ ಹೇಳೋಕಾಗಲ್ಲ. ಆದ್ರ ಬಾಕಿ ನಾಲ್ಕೂ ನೂಲು ಹಿಡಿದಂಗ ಬಂದು ಇದೊಂದೇ ಹಿಂದ ಬಿದ್ದದ ಅಂದ್ರ ಅನುಮಾನ ಅದರ ಮ್ಯಾಲೇ. ಪಾವಲಿ, ಪೈಸೆ ತೂಕ ಯಾಕ ಹಾಕಿಲ್ಲ?

ಇನ್ನೊಂದು ಮಾತು, ಪ್ರಶ್ನೆಗೆ ಹೊರಗಿಂದು. ನಮ್ಮ ರಾಯಚೂರು, ಕೊಪ್ಪಳ 1956ರ ತನಕ ಹೈದರಾಬಾದ್ ರಾಜ್ಯದೊಳಗ ಇದ್ದವು, ಹಂಗಾಗಿ ಹಳೇ ಮನಿ ಗಂಟಿನೊಳಗ ಸಿಗೋದು ಹೆಚ್ಚಾಗಿ ಚಾರ್‌ಮಿನಾರ್ ಚಿತ್ರದ ಹಾಲಿ ಸಿಕ್ಕಾ, ಅಂದ್ರ ನಿಜಾಮರ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ್ (ಬ್ರಿಟಿಷ್ ಸರ್ಕಾರದ ರೂಪಾಯಿ) ಅನ್ನೋ ಲೆಕ್ಕ ಹಳಬರಿಗೆ ನೆನಪದ. ಬಳ್ಳಾರಿ ಮದ್ರಾಸ್ ಪ್ರಾಂತದೊಳಗ ಇತ್ತು, ಅಲ್ಲಿ ಬರೀ ಕಲ್ದಾರ್. ಈ ಚಾರ್‌ಮಿನಾರ್ ರೂಪಾಯಿನ ಹುಣಸಿಹಣ್ಣು ಹಚ್ಚಿ ತಿಕ್ಕಿ 'ನಿಜಾಮ್ ಪ್ರೂಫ್' ಅಂತ ತೋರಸ್ತಾರ. ಬೆಳ್ಳಿ ತೂಕಕ್ಕಿಂತ ಒಂದು ಪೈಸೆ ಹೆಚ್ಚು ಕೊಡಬ್ಯಾಡ್ರಿ.

ಆಣೆಕಾಸು, ರಾಯಚೂರು

ಪಾವಲಿ, ಪೈಸೆ ತೂಗೋ ಹೊತ್ತಿಗೆ ಅಂಗಡಿ ಮುಚ್ಚಿತು, ಅಷ್ಟೇ ರೀ.

ಲೂಪಿನೊಳಗ ನೋಡಿದ್ದು: ಎಂಟಾಣೆ, ಪಾವಲಿ, ಎರಡಾಣೆ, ಒಂದಾಣೆ, ಅರ್ಧಾಣೆ ಐದಕ್ಕೂ ಸೊನ್ನಿ ಒಳಗ ಕನ್ನಡಿ ಅದ, ಅಂಚು ಚೌಕ. ಎರಡಾಣೆ ಬಸವನ ಕೆಳಗ ಉಬ್ಬಿದ ಗೆರಿ ಅವ, ಅಕ್ಷರಕ್ಕ ಬಂದು ನಿಂತವ. ರೂಪಾಯಿ ಸೊನ್ನಿ ಒಳಗ ಬೂದಿ ಬಣ್ಣ, ಮಬ್ಬು. ತೆನಿ ಮ್ಯಾಲೆ ಸಾಲು ಗೀರು. ಪಕ್ಕದ ಹಲ್ಲುಗಳು ಎಂಟಾಣೆಯಂಗ ಚೂಪಿಲ್ಲ, ತಲಿ ಸವೆದು ದುಂಡಗಾಗ್ಯಾವ. ಮ್ಯಾಗ್ನೆಟ್ ಎಳೀತದ. ಪೈಸೆ ಹಸಿರಿನ ಕೆಳಗ ಏನದ ಅಂತ ಕಾಣವಲ್ದು, ಆದ್ರ ಕುದುರಿ ಕಾಲಿನ ನಡುವಿನ ಜಾಗ ಹೊಳೀತದ.

ಕೋಟೆಗುಡ್ಡ, ಬಳ್ಳಾರಿ

ಹಾಗಾದರೆ ಕಥೆ ಸ್ಪಷ್ಟ. ಐದು ಪ್ರೂಫ್. ಪೈಸೆಯೂ ಬಹುತೇಕ ಪ್ರೂಫೇ, ತೊಳೆದ ಮೇಲೆ ಹೇಳೋಣ. ರೂಪಾಯಿ ಕಳೆದುಹೋದ ಜಾಗಕ್ಕೆ ಚಲಾವಣೆಯ ರೂಪಾಯಿಯನ್ನು ಬಫ್ ಮಾಡಿ ಕೂರಿಸಿದ್ದಾರೆ. ಪಕ್ಕದ ಹಲ್ಲಿನ ತಲೆ ದುಂಡಗಾಗಿರುವುದು ಚಲಾವಣೆಯ ಸವೆತದ ಇಲ್ಲವೇ ಬಫ್ ಚಕ್ರದ ಗುರುತು. ಸೆಟ್ ಒಡೆದವರು ಮೊದಲು ತೆಗೆಯುವುದೇ ರೂಪಾಯಿ, ದೊಡ್ಡ ನಾಣ್ಯಕ್ಕೆ ಗಿರಾಕಿ ಹೆಚ್ಚು.

'ಏಳು ನಾಣ್ಯದ ಪ್ರೂಫ್ ಸೆಟ್' ದರ ಕೊಡಬೇಡಿ. ಆರು ಬಿಡಿ ಪ್ರೂಫಿನ ದರ ಹಾಕಿ, ರೂಪಾಯಿಗೆ ಸೊನ್ನೆ. ಬಫ್ ಮಾಡಿದ ನಾಣ್ಯಕ್ಕೆ ಸಂಗ್ರಹದ ಬೆಲೆಯೇ ಇಲ್ಲ, ಅದು ಜಾಗ ತುಂಬಿಸುವ ಬಿಲ್ಲೆ. ದರ ನೋಡುವಾಗ ಆನ್‌ಲೈನ್ ಅಂಗಡಿಗಳಲ್ಲಿ ಬರೆದ ಬೆಲೆ ನೋಡಬೇಡಿ, ಅದು ಮಾರುವವರ ಆಸೆ. ಹರಾಜಿನಲ್ಲಿ ನಿಜವಾಗಿ ಹೋದ ಬೆಲೆ ನೋಡಿ, ಅದರ ಮೇಲೆ ಖರೀದಿದಾರರ ಕಮಿಷನ್ ಮತ್ತು ತೆರಿಗೆ ಕೂಡಿಸಿದೆಯೋ ಇಲ್ಲವೋ ಅಂತಲೂ ನೋಡಿ.

ಲ್ಯಾಬ್‌ಕೋಟು, ತೋರಣಗಲ್ಲು

ಹಸಿರಿನ ವಿಷಯ. ಎರಡು ಬಗೆಯ ಹಸಿರು ಇರುತ್ತವೆ, ಮೊದಲು ಯಾವುದು ಅಂತ ಗೊತ್ತು ಮಾಡಿಕೊಳ್ಳಿ. ಬಿದಿರಿನ ಕಡ್ಡಿಯ ತುದಿಯಿಂದ ಅಂಚಿನ ಹತ್ತಿರ ಮಾತ್ರ ಹಗುರಕ್ಕೆ ಮುಟ್ಟಿ. ಜಿಗುಟಾಗಿ, ಮೆತ್ತಗೆ, ಎಳೆ ಎಳೆಯಾಗಿ ಬಂದರೆ ಪಿವಿಸಿ. ಮೆತ್ತನೆಯ ಪ್ಲಾಸ್ಟಿಕ್ ಕವರು, ಹಳೇ ಆಲ್ಬಮ್ಮಿನ ಹಾಳೆ ಕಾಲಕ್ರಮದಲ್ಲಿ ಒಡೆದು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ, ಮೆತ್ತಗಾಗಿಸಲು ಹಾಕಿದ ಎಣ್ಣೆಯೂ ಹೊರಬರುತ್ತದೆ. ಬೇಸಿಗೆಯಲ್ಲಿ 42-44 ಡಿಗ್ರಿ ದಾಟುವ ನಮ್ಮ ಕಡೆ ಇದು ಬೇಗ ನಡೆಯುತ್ತದೆ. ಗಟ್ಟಿಯಾಗಿ, ಪುಡಿಪುಡಿಯಾಗಿ, ಕೆಳಗೆ ಗುಂಡಿ ಬಿದ್ದಿದ್ದರೆ ಅದು ಲೋಹವೇ ತಿಂದುಹೋದ ತುಕ್ಕು. ಪಿವಿಸಿ ಜಿಗುಟು ಅಸಿಟೋನ್‌ಗೆ ಕರಗುತ್ತದೆ, ತುಕ್ಕು ಕರಗುವುದಿಲ್ಲ.

ಕ್ರಮ ಹೀಗೆ. ಶುದ್ಧ ಅಸಿಟೋನ್ ಬೇಕು, ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ 500 ಮಿ.ಲೀ. ಬಾಟಲಿ ಸಿಗುತ್ತದೆ. ಉಗುರು ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಸುವಾಸನೆ, ಎಣ್ಣೆ, ಬಣ್ಣ ಇರುತ್ತವೆ. ಎರಡು ಗಾಜಿನ ಬಟ್ಟಲು, ತಲಾ 50 ಮಿ.ಲೀ. ಸ್ಟೀಲ್ ಆದರೂ ನಡೆಯುತ್ತದೆ, ಪ್ಲಾಸ್ಟಿಕ್ ಬೇಡ, ಕರಗಿ ನಾಣ್ಯದ ಮೇಲೇ ಕೂರುತ್ತದೆ. ಬಟ್ಟಲಿನ ತಳ ಗಾಜಾದ್ದರಿಂದ ಮೊದಲು ಒಂದು ಶುದ್ಧ ಹತ್ತಿಯ ತುಂಡು ಹಾಸಿ, ಅದರ ಮೇಲೆ ನಾಣ್ಯ ಇಳಿಸಿ. ಮೊದಲ ಬಟ್ಟಲಿನಲ್ಲಿ ಹತ್ತು ನಿಮಿಷ. ಆಗಾಗ ಬಟ್ಟಲನ್ನು ಅಲುಗಾಡಿಸಿ, ನಾಣ್ಯವನ್ನು ಉಜ್ಜಬೇಡಿ. ಮಗುಚಿ ಹಾಕಿ ಮತ್ತೆ ಹತ್ತು ನಿಮಿಷ. ಆಮೇಲೆ ಎರಡನೇ ಬಟ್ಟಲಿನ ಹೊಸ ಅಸಿಟೋನ್‌ನಲ್ಲಿ ಒಂದು ನಿಮಿಷ. ಈ ಎರಡನೇ ಮುಳುಗು ತಪ್ಪಿಸಿದರೆ ಮೊದಲ ಬಟ್ಟಲಿನಲ್ಲಿ ಕರಗಿದ ಜಿಗುಟೇ ಒಣಗಿ ಕನ್ನಡಿಯ ಮೇಲೆ ನೀರಿನ ಕಲೆಯ ಹಾಗೆ ಉಳಿಯುತ್ತದೆ, ಮುಕ್ಕಾಲು ಪಾಲು ಜನ ಕೆಡಿಸಿಕೊಳ್ಳುವುದು ಇಲ್ಲೇ. ಅಂಚಿನಲ್ಲಿ ಹಿಡಿದೆತ್ತಿ, ಓರೆಯಾಗಿ ನಿಲ್ಲಿಸಿ. ಒರೆಸುವ ಅಗತ್ಯವಿಲ್ಲ, ಅರೆ ನಿಮಿಷಕ್ಕೆ ತಾನೇ ಆರುತ್ತದೆ.

ಅಸಿಟೋನ್ 56 ಡಿಗ್ರಿಗೆ ಕುದಿಯುತ್ತದೆ, ಹೊಗೆ ನೆಲಮಟ್ಟದಲ್ಲಿ ಹರಿದು ದೂರದ ಕಿಡಿಗೂ ಹತ್ತಿಕೊಳ್ಳುತ್ತದೆ. ಅಡುಗೆಮನೆ, ದೇವರ ದೀಪ, ಸ್ವಿಚ್‌ಬೋರ್ಡ್ ಹತ್ತಿರ ಬೇಡ. ಬೆಳಿಗ್ಗೆ ಬಿಸಿಲೇರುವ ಮೊದಲು ಕಿಟಕಿ ತೆರೆದು ಮಾಡಿ. ಬಳಸಿದ್ದನ್ನು ಬಾಟಲಿಗೆ ವಾಪಸ್ ಸುರಿಯಬೇಡಿ.

ಬಿಲ್ಲೆ, ಕೊಪ್ಪಳ

ಲ್ಯಾಬ್‌ಕೋಟ್ ಸರ, ಕಂಚಿಗೆ ಅಸಿಟೋನ್ ಅಂದ್ರ ನನಗ ಒಪ್ಪಿಗಿಲ್ಲ. ತಾಮ್ರ ಇರೋ ನಾಣ್ಯಕ್ಕ ಹಾಕಿದ್ರ ಆಮ್ಯಾಲೆ ಗುಲಾಬಿ, ನೇರಳೆ ಬಣ್ಣ ತಿರುಗ್ತಾವು ಅಂತ ಸಂಗ್ರಾಹಕರು ಹೇಳ್ತಾರ.

ಲ್ಯಾಬ್‌ಕೋಟು, ತೋರಣಗಲ್ಲು

ಅಸಿಟೋನ್ ತಾಮ್ರವನ್ನು ತಿನ್ನುವುದಿಲ್ಲ. ಆಗುವುದೇನೆಂದರೆ, ಮೇಲಿದ್ದ ಎಣ್ಣೆಯ ಪೊರೆ ಪೂರ್ತಿ ಹೋಗಿ ಲೋಹ ಬರಿಮೈಯಾಗುತ್ತದೆ. ಆ ಸ್ಥಿತಿಯಲ್ಲಿ ತೇವದ ಗಾಳಿಗೆ, ಬೆರಳಿಗೆ, ರಟ್ಟಿನ ಡಬ್ಬಿಗೆ ಸಿಕ್ಕಿದರೆ ಬಣ್ಣ ಬೇಗ ತಿರುಗುತ್ತದೆ. ಹಾಗಾಗಿ ಕಂಚಿಗೆ ಎರಡು ಷರತ್ತು: ಜಿಗುಟು ಇದ್ದರೆ ಮಾತ್ರ ಮಾಡಿ, ಮತ್ತು ಮಾಡಿದ ಗಂಟೆಯೊಳಗೆ ಗಾಳಿಯಾಡದ ಕ್ಯಾಪ್ಸೂಲಿಗೆ (ಒಂದೊಂದೇ ನಾಣ್ಯ ಇಡುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ) ಹಾಕಿ. ಜಿಗುಟನ್ನು ಹಾಗೇ ಬಿಟ್ಟರೆ ಆಮ್ಲ ಲೋಹವನ್ನು ತಿನ್ನುತ್ತಲೇ ಇರುತ್ತದೆ, ಅದು ಖಚಿತ ನಷ್ಟ. ಬಣ್ಣ ತಿರುಗುವುದು ಆಗಬಹುದಾದ ನಷ್ಟ. ನಾನು ಎರಡನೆಯದನ್ನೇ ಆರಿಸುತ್ತೇನೆ.

ಬೆಳ್ಳಿ ಪಾತ್ರೆ ತೊಳೆಯುವ ಡಿಪ್ ಮಾತ್ರ ಯಾವ ಪ್ರೂಫಿಗೂ ಬೇಡ. ಅದರಲ್ಲಿ ಥಯೋಯೂರಿಯಾ ಮತ್ತು ಆಮ್ಲ ಇರುತ್ತವೆ, ಕಲೆಯ ಜೊತೆಗೆ ಮೇಲ್ಪದರವನ್ನೂ ಎತ್ತಿಕೊಂಡು ಹೋಗುತ್ತದೆ. ಒಂದು ಮುಳುಗಿಗೇ ಕನ್ನಡಿಗೆ ಹಾಲು ಚೆಲ್ಲಿದಂತಾಗುತ್ತದೆ. ಬೋರ್ ನೀರಿನಲ್ಲಿ ತೊಳೆಯುವುದೂ ಬೇಡ. ನಮ್ಮ ಕಡೆಯ ಸವಳು ನೀರಿನಲ್ಲಿ ಕ್ಲೋರೈಡ್ ಇದೆ, ಒಣಗಿದ ಹನಿಯ ಜಾಗದಲ್ಲಿ ಬಿಳಿ ಉಂಗುರ ಬೀಳುತ್ತದೆ, ಕಂಚಾದರೆ ಮುಂದೆ ಕಪ್ಪು ಚುಕ್ಕೆ. ನೀರು ಬೇಕೇ ಬೇಕೆಂದರೆ ಡಿಸ್ಟಿಲ್ಡ್ ವಾಟರ್, ಕೊನೆಯಲ್ಲಿ ಅಸಿಟೋನ್.

ಬಿಲ್ಲೆ, ಕೊಪ್ಪಳ

ಷರತ್ತು ಹಾಕಿದ್ರ ಒಪ್ತೀನಿ. ಆದ್ರ ಕೆಂಪು ಬಣ್ಣ ಪೂರ್ತಿ ಉಳಿದ ಪೈಸೆಗೆ ನಾ ಮಾತ್ರ ಕೈ ಹಚ್ಚೂದಿಲ್ಲ.

ಸೂಜಿಗಲ್ಲು, ಸಂಡೂರು

ಧೂಳಿನ ಬಗ್ಗೆ ಯಾರೂ ಬರೆದಿಲ್ಲ. ನಮ್ಮ ಕಡೆಯ ಕೆಂಧೂಳು ಬರೀ ಮಣ್ಣಲ್ಲ, ಅದಿರಿನ ಪುಡಿ, ಹೆಮಟೈಟ್. ಗಡಸುತನದ ಮೋಸ್ ಮಾಪನದಲ್ಲಿ ಅದು 5.5ರಿಂದ 6.5, ನಿಕ್ಕಲ್ ಸುಮಾರು 4, ಕಂಚು 3ರ ಆಸುಪಾಸು, ಬೆಳ್ಳಿ ಅದಕ್ಕಿಂತ ಮೆತ್ತಗೆ. ಎಷ್ಟೇ ನುಣುಪಾದ ಬಟ್ಟೆಯಿಂದ ಒರೆಸಿದರೂ ಬಟ್ಟೆಯ ಕೆಳಗಿನ ಆ ಒಂದು ಕಣ ಗೀರೆಳೆಯುತ್ತದೆ. ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋವರ್‌ನಿಂದ ಊದಿ, ನಾಣ್ಯವನ್ನು ಮುಖ ಕೆಳಗೆ ಓರೆಯಾಗಿ ಹಿಡಿದು. ಬಾಯಿಂದ ಊದಬೇಡಿ, ಎಂಜಲಿನ ಸಣ್ಣ ಹನಿ ಕೂತ ಜಾಗದಲ್ಲಿ ಮುಂದೆ ಕಪ್ಪು ಚುಕ್ಕೆ ಏಳುತ್ತದೆ. ನಾಣ್ಯ ಕೈಯಲ್ಲಿ ಹಿಡಿದು ಮಾತಾಡುವುದೂ ಅದೇ ಕಾರಣಕ್ಕೆ ಬೇಡ. ಹರಾಜಿನ ಮುನ್ನೋಟಕ್ಕೆ ಹೋದಾಗ ಪಕ್ಕದವರು ನಿಮ್ಮ ಕೈಲಿರುವ ನಾಣ್ಯದ ಮೇಲೆ ಬಾಗಿ ದರ ಕೇಳಿದರೆ ಕೆಳಗಿಟ್ಟು ಉತ್ತರ ಕೊಡಿ.

ಹಾಲಿಸಿಕ್ಕಾ, ಸಿಂಧನೂರು

ಇಡೋ ಜಾಗದ್ದು ನಾ ಹೇಳ್ತೀನಿ. ರಾಯಚೂರು ಒಣ ಹವಾ, ತೇವದ ಚಿಂತಿ ಇಲ್ಲ ಅಂತ ಎಲ್ಲಾರೂ ತಿಳೀತಾರ. ಹೊರಗ ಒಣ ಖರೆ. ಒಳಗ ಕೂಲರ್ ಅದಲ್ಲ? ಮಾರ್ಚಿನಿಂದ ಜೂನ್ ತನಕ ಹಗಲೂ ರಾತ್ರಿ ನೀರಿನ ಗಾಳಿ ಹೊಡೀತದ. ಆ ಕ್ವಾಣಿಯೊಳಗಿನ ತಿಜೋರಿ ಮಳಿಗಾಲದ ಕರಾವಳಿಗೆ ಸಮ. ಹಗಲು ಬಿಸಿ, ರಾತ್ರಿ ಕೂಲರಿನ ತಂಪು, ತಿಜೋರಿ ಕಬ್ಬಿಣ ಮೊದಲು ತಣ್ಣಗಾಗ್ತದ, ಒಳಗಿನ ತೇವ ಅಲ್ಲೇ ಕೂಡ್ತದ. ಕೂಲರ್ ಇಲ್ಲದ ಕ್ವಾಣಿ, ಒಳಗೋಡಿ, ಬಿಸಲು ಬೀಳೋ ಪಡುವಣ ಗೋಡಿ ಅಲ್ಲ. ತೇವ ಅಳಿಯೋ ಸಣ್ಣ ಡಿಜಿಟಲ್ ಮೀಟರ್ ಒಂದು ಒಳಗ ಇಡ್ರಿ, 40 ಶೇಕಡಾ ಒಳಗ ಇದ್ರ ನಿಶ್ಚಿಂತಿ.

ಸಿಲಿಕಾ ಜೆಲ್ ಕಿತ್ತಳಿ ಬಣ್ಣದ್ದು ತಗೋರಿ, ತೇವ ಕುಡಿದ್ರ ಹಸಿರಾಗ್ತದ. ಓವನ್ನಿನೊಳಗ 120 ಡಿಗ್ರಿಗೆ ಎರಡು ತಾಸು ಇಟ್ರ ತಿರುಗಿ ಕಿತ್ತಳಿ. ಪುಡಿ ಉದುರದಂಗ ಬಟ್ಟಿ ಚೀಲದೊಳಗ ಕಟ್ಟಿ ನಾಣ್ಯದಿಂದ ದೂರ ಇಡ್ರಿ.

ಇಡಬಾರದ್ದು: ನುಸಿಗುಳಿಗಿ, ರಬ್ಬರ್ ಬ್ಯಾಂಡ್ (ಗಂಧಕ ಇರ್ತದ, ಬೆಳ್ಳಿ ಕರ್ರಗ), ಪೇಪರ್, ಹೊಸಾ ಸಾಗವಾನಿ ಪೆಟ್ಟಿಗಿ. ಮತ್ತ ಆ ಮಖಮಲ್ ಡಬ್ಬಿ! ಬಟ್ಟಿ ಅಂಟಿಸಿದ ಗೋಂದು ವರ್ಷಗಟ್ಟಲೆ ಹೊಗಿ ಬಿಡ್ತದ.

ಆಣೆಕಾಸು, ರಾಯಚೂರು

ಕ್ಯಾಪ್ಸೂಲ್ ತರಸೋಣ ಅಂದ್ರ ಎರಡಾಣೆ, ಅರ್ಧಾಣೆ ಚೌಕ. ಒಂದಾಣೆಗೆ ಅಲಿ ಅಲಿ ಅಂಚು. ಗುಂಡಗಿನ ಕ್ಯಾಪ್ಸೂಲಿನೊಳಗ ಹೆಂಗ?

ಕೋಟೆಗುಡ್ಡ, ಬಳ್ಳಾರಿ

ಗುಂಡಗಿನವು ಸುಲಭ: ರೂಪಾಯಿಗೆ 28 ಮಿ.ಮೀ., ಎಂಟಾಣೆಗೆ 24, ಪಾವಲಿಗೆ 19, ನೇರ ಹಿಡಿಯುವ ಅಕ್ರಿಲಿಕ್ ಕ್ಯಾಪ್ಸೂಲ್. ಚೌಕದ್ದನ್ನು ಗುಂಡು ಕ್ಯಾಪ್ಸೂಲಿಗೆ ಹಾಕಿದರೆ ನಾಲ್ಕು ಮೂಲೆ ಮಾತ್ರ ತಾಗುತ್ತವೆ, ಸ್ವಲ್ಪ ಸಡಿಲವಿದ್ದರೂ ತಿರುಗುತ್ತದೆ, ಮೂಲೆಯ ಚೂಪು ಮೊದಲು ಹೋಗುತ್ತದೆ. ಎರಡು ದಾರಿ ಇವೆ. ವರ್ನಿಯರ್‌ನಿಂದ ಮೂಲೆಯಿಂದ ಮೂಲೆಗೆ ಅಳೆದು, ಅದಕ್ಕಿಂತ ದೊಡ್ಡ ಕ್ಯಾಪ್ಸೂಲಿನಲ್ಲಿ ಪಾಲಿಎಥಿಲಿನ್ ಫೋಮ್ ಉಂಗುರ ಇಟ್ಟು, ಫೋಮನ್ನೇ ಚೌಕಾಕಾರಕ್ಕೆ ಬ್ಲೇಡಿನಿಂದ ಕತ್ತರಿಸಿ ಕೂರಿಸುವುದು ಒಂದು. ಫೋಮ್ ಮೆತ್ತನೆಯ ಪಿವಿಸಿ ಆಗಿರಬಾರದು, ಘಾಟು ವಾಸನೆ ಬಂದರೆ ಬಿಟ್ಟುಬಿಡಿ.

ಇನ್ನೊಂದು, ರಟ್ಟಿನ ಎರಡಂಗುಲದ ಹೋಲ್ಡರ್, ಒಳಗೆ ಮೈಲಾರ್ (ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಕಿಟಕಿ ಇರುವುದು. ಅಗ್ಗ, ಚೌಕಕ್ಕೂ ಸರಿ. ಆದರೆ ಮಡಚುವ ಮೊದಲು ರಟ್ಟಿನ ಧೂಳನ್ನು ಬ್ಲೋವರ್‌ನಿಂದ ಊದಿ. ಪಿನ್ ಹೊಡೆದ ಮೇಲೆ ಹಿಂದಿನ ಕಾಲುಗಳನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಡಬ್ಬಿಯಲ್ಲಿ ಪಕ್ಕದ ಹೋಲ್ಡರಿನ ಕಿಟಕಿ ಹರಿಯುತ್ತದೆ. ತೆಗೆಯುವಾಗ ನಾಣ್ಯವನ್ನು ಎಳೆಯಬೇಡಿ, ನಾಲ್ಕೂ ಪಿನ್ ಕಿತ್ತು ರಟ್ಟನ್ನು ಪುಸ್ತಕದ ಹಾಗೆ ತೆರೆಯಿರಿ. ಕಿತ್ತ ಪಿನ್ನಿನ ತುದಿ ಪ್ರೂಫ್ ಮೇಲೆ ಜಾರಿತೆಂದರೆ ಅದಕ್ಕೆ ಮದ್ದಿಲ್ಲ.

ಸೂಜಿಗಲ್ಲು, ಸಂಡೂರು

ಪಿನ್ ಅಂದಾಗ ಇದೊಂದು. ಅಮೆರಿಕದ 1950ರಿಂದ 1955ರ ಮಧ್ಯದವರೆಗಿನ ಪ್ರೂಫ್ ಸೆಟ್ಟುಗಳು ಇಲ್ಲಿಯ ಸಂಗ್ರಹಗಳಲ್ಲೂ ಕಾಣುತ್ತವೆ. ಐದೂ ನಾಣ್ಯ ಸೆಲೋಫೇನ್ ಚೀಲದಲ್ಲಿ, ಮೇಲ್ಗಡೆ ಒಟ್ಟಿಗೆ ಪಿನ್ ಹೊಡೆದು, ಚಿಕ್ಕ ರಟ್ಟಿನ ಪೆಟ್ಟಿಗೆ. ಆ ಪಿನ್ ತುಕ್ಕು ಹಿಡಿದು ಕೆಳಗಿಳಿಯುತ್ತದೆ, ಮೊದಲು ನೋಡಬೇಕಾದ್ದು ಅದನ್ನೇ. 1955ರ ನಡುವೆ ಚಪ್ಪಟೆ ಪ್ಲಾಸ್ಟಿಕ್ ಪ್ಯಾಕ್ ಬಂತು. ಅಲ್ಲಿಯ ಸಂಖ್ಯೆ ದರಕ್ಕೆ ಕನ್ನಡಿ: 1950ರಲ್ಲಿ 51,386 ಸೆಟ್, 1957ರಲ್ಲಿ 12,47,952, 1964ರಲ್ಲಿ 39,50,762. 1964ರದ್ದನ್ನು 'ಅಪರೂಪ' ಎಂದು ಹೇಳಿದರೆ ನಕ್ಕು ಮುಂದೆ ಹೋಗಿ. ಬ್ರಿಟನ್ನಿನದು 1950ರಲ್ಲಿ 17,513, 1951ರಲ್ಲಿ 20,000, ಪಟ್ಟಾಭಿಷೇಕದ 1953ರಲ್ಲಿ 40,000.

ಕ್ಯಾಮಿಯೋ ಅಂತ ಹೆಚ್ಚು ದರ ಕೇಳುವುದು ಯಾಕೆಂದರೆ, ಆ ಕಾಲದಲ್ಲಿ ಅಚ್ಚಿನ ತಗ್ಗುಗಳಿಗೆ ಆಮ್ಲದಿಂದ ಮಂಜು ಬರಿಸುತ್ತಿದ್ದರು. ಮೊದಲ ಕೆಲವು ನಾಣ್ಯಗಳಿಗೆ ಮುಖ ಬೆಳ್ಳಗೆ, ಬಯಲು ಕಪ್ಪು ಕನ್ನಡಿ. ಹೊಡೆಯುತ್ತಾ ಹೋದಂತೆ ಮಂಜು ಸವೆದು ಮುಖವೂ ಹೊಳೆಯತೊಡಗುತ್ತದೆ. ಒಂದು ಮುಖಕ್ಕೆ ಮಾತ್ರ ಮಂಜು ಇದ್ದರೆ ಕ್ಯಾಮಿಯೋ ಎನ್ನುವುದಿಲ್ಲ, ಎರಡೂ ಕಡೆ ಬೇಕು.

ಹಾಲಿಸಿಕ್ಕಾ, ಸಿಂಧನೂರು

ನಮ್ಮ ದೇಶದ್ದಕ್ಕ ವಾಪಸ್ ಬರೋಣ. 1950 ಆದ್ಮ್ಯಾಲೆ ಆಣೆ ಸರಣಿಯೊಳಗ 1954ರ ಪ್ರೂಫ್ ಅವ. ದಶಮಾಂಶ ಬಂದಿದ್ದು 1957ರ ಏಪ್ರಿಲ್ 1ಕ್ಕ, ಆದ್ರ ನಯಾ ಪೈಸೆ ಪ್ರೂಫ್ ಸಿಗೋದು 1960ರಿಂದ 1963ರ ತನಕ. 50 ನಯಾ ಪೈಸೆ 1960ಕ್ಕ, ದಶಮಾಂಶದ ರೂಪಾಯಿ 1962ಕ್ಕ ಬಂದವು. ಆ ರೂಪಾಯಿ 10 ಗ್ರಾಂ, 11.66 ಅಲ್ಲ. '1957ರ ಪ್ರೂಫ್ ರೂಪಾಯಿ' ಅಂತ ತೋರಿಸಿದ್ರ ಲೂಪ್ ಹೊರಗ ತಗೀಲಿಕ್ಕೂ ಹೋಗಬ್ಯಾಡ್ರಿ. 1969ರ ಗಾಂಧಿ ಶತಮಾನೋತ್ಸವದ ಬೆಳ್ಳಿ ಹತ್ತು ರೂಪಾಯಿ 15 ಗ್ರಾಂ, ಶೇಕಡಾ 80 ಬೆಳ್ಳಿ. ಅದರ ಚಲಾವಣಿ ನಾಣ್ಯ ಬಾಳ ಸಿಗ್ತಾವ, ಪ್ರೂಫಿಗೆ 'ಬಿ' ಇರ್ಲೇಬೇಕು.

ಬಿಲ್ಲೆ, ಕೊಪ್ಪಳ

ರೀಸ್ಟ್ರೈಕ್ ಬಗ್ಗೆ ಎಚ್ಚರ ಇರ್ಲಿ. ಬ್ರಿಟಿಷರ ಕಾಲದ ಇಸವಿ ಇರೋ ಪ್ರೂಫ್ ಮುಂಬೈ, ಕಲ್ಕತ್ತಾ ಟಂಕಸಾಲಿಯವರು ಸಂಗ್ರಾಹಕರಿಗಂತ ಆಮ್ಯಾಲೂ ಹೊಡೆದು ಕೊಡ್ತಿದ್ರು, 1970ರ ಸುಮಾರಿಗೆ ನಿಂತಿತು. ಅವು ನಕಲಿ ಅಲ್ಲ, ಟಂಕಸಾಲಿವೇ. ಆದ್ರ ಮೂಲ ಪ್ರೂಫಿನ ದರ ಇಲ್ಲ. ಹಳೇ ಅಚ್ಚಿಗೆ ತುಕ್ಕು ಹತ್ತಿ ಗುಂಡಿ ಬಿದ್ದಿದ್ರ ನಾಣ್ಯದ ಮ್ಯಾಲೆ ಸಾಸವಿ ಹಂಗ ಉಬ್ಬಿದ ಚುಕ್ಕಿ ಬರ್ತಾವು, ರಾಜನ ಕೆನ್ನಿ, ಬಯಲಾಗ ಹುಡುಕ್ರಿ. ಮುಂದಿನ ಮುಖ ಒಂದು ಕಾಲದ್ದು, ಹಿಂದಿನ ಮುಖ ಇನ್ನೊಂದು ಕಾಲದ್ದು ಜೋಡಿ ಆಗಿದ್ರೂ ಅದೇ ಅರ್ಥ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತು ಕಾಯ್ದೆಗೆ ಬರ್ತೈತಿ, ಗ್ರೇಡಿಂಗಿಗೆ (ಪರೀಕ್ಷೆ ಮಾಡಿಸಿ ದರ್ಜೆ ಅಂಕ ಹಾಕಿಸೂದಕ್ಕ) ಹೊರದೇಶಕ್ಕ ಕಳಿಸೋ ಮೊದಲು ತಿಳ್ಕೊಳ್ರಿ. 1950ರದ್ದಕ್ಕ ಆ ತೊಂದ್ರಿ ಇಲ್ಲ.

ಕೋಟೆಗುಡ್ಡ, ಬಳ್ಳಾರಿ

ಗ್ರೇಡಿಂಗ್ ಮಾತು ಬಂತಲ್ಲ. ಎನ್‌ಜಿಸಿ, ಪಿಸಿಜಿಎಸ್ ಎಂಬ ಗ್ರೇಡಿಂಗ್ ಕಂಪನಿಗಳ ಡಬ್ಬಿಯಲ್ಲಿ ಬಂದ ನಾಣ್ಯವಾದರೆ ಡಬ್ಬಿಯ ಮೇಲಿನ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹಾಕಿ ನೋಡಿ. ಸಂಖ್ಯೆ ಸಿಕ್ಕರೆ ಸಾಲದು, ಫೋಟೋ ಇದ್ದರೆ ಅದರೊಂದಿಗೆ ಕಲೆ, ಚುಕ್ಕೆಗಳನ್ನು ತಾಳೆ ಹಾಕಿ. ಡಬ್ಬಿಯನ್ನೇ ನಕಲು ಮಾಡಿ ಖರೇ ಸಂಖ್ಯೆ ಹಾಕುವವರಿದ್ದಾರೆ. ಹೇರ್‌ಲೈನ್ ಇರುವ ಪ್ರೂಫ್ ಅವರ 70 ಅಂಕದ ಮಾಪನದಲ್ಲಿ 60-62ರ ಆಚೆ ಹೋಗುವುದು ಕಷ್ಟ. ಕಳಿಸುವ ಖರ್ಚು ನಾಣ್ಯದ ಬೆಲೆಗಿಂತ ಹೆಚ್ಚಾದರೆ ಲಾಭವಿಲ್ಲ. ಈ ಆರಕ್ಕೆ ನಾನಾದರೆ ಕಳಿಸುವುದಿಲ್ಲ.

ಇದನ್ನು ಓದುವ ಹೊಸಬರಿಗೊಂದು ಮಾತು: ವಾಟ್ಸಾಪಿನಲ್ಲಿ 'ರಿಸರ್ವ್ ಬ್ಯಾಂಕ್ ಹಳೇ ನಾಣ್ಯ ಲಕ್ಷಕ್ಕೆ ಕೊಳ್ಳುತ್ತದೆ, ಮೊದಲು ನೋಂದಣಿ ಶುಲ್ಕ ಕಟ್ಟಿ' ಎಂದು ಬಂದರೆ ವಂಚನೆ. 2021ರಲ್ಲಿ ಬ್ಯಾಂಕೇ ಪ್ರಕಟಣೆ ಹೊರಡಿಸಿ ತಾನು ಇಂಥ ವ್ಯವಹಾರ ಮಾಡುವುದಿಲ್ಲ ಎಂದಿದೆ.

ಆಣೆಕಾಸು, ರಾಯಚೂರು

ಪೈಸೆ ಅಸಿಟೋನ್ ಮುಗೀತು. ಹಸಿರು ಪೂರ್ತಿ ಹೋತು, ಎರಡನೇ ಬಟ್ಟಲಿನ ಅಸಿಟೋನ್ ತಿಳಿ ಇತ್ತು. ಕುದುರಿ ಬೆನ್ನಿನ ಮ್ಯಾಲೆ ಸಣ್ಣ ಮಬ್ಬು ಕಲಿ ಉಳಿದದ, ಗುಂಡಿ ಇಲ್ಲ. ಇಸವಿ ಸೊನ್ನಿ ಒಳಗ ಕನ್ನಡಿ. ಪಾವಲಿ ಮ್ಯಾಗ್ನೆಟ್‌ಗೆ ಎಳೀತದ, ಪೈಸೆ ಎಳಿಯಂಗಿಲ್ಲ. ಮಾರೋರಿಗೆ ಆರರ ದರ ಹೇಳೀನಿ, ರೂಪಾಯಿ ಬ್ಯಾಡ ಅಂತ ತಿರುಗಿ ಕೊಡ್ತೀನಿ.

ಲ್ಯಾಬ್‌ಕೋಟು, ತೋರಣಗಲ್ಲು

ಆ ಮಬ್ಬು ಕಲೆ ಆಮ್ಲ ಆಗಲೇ ಮುಟ್ಟಿದ ಜಾಗ, ಹೋಗುವುದಿಲ್ಲ, ಮತ್ತೆ ಮುಳುಗಿಸಬೇಡಿ. ಎರಡು ವಾರಕ್ಕೊಮ್ಮೆ ಅದೇ ಬಲ್ಬಿನ ಕೆಳಗೆ ನೋಡಿ. ಕಲೆ ಅಷ್ಟೇ ಇದ್ದರೆ ಬಿಟ್ಟುಬಿಡಿ, ಅಂಚಿನಲ್ಲಿ ಹೊಸ ಹಸಿರು ಕಂಡರೆ ಮಾತ್ರ ಇನ್ನೊಂದು ಸಲ, ಹೊಸ ಅಸಿಟೋನ್‌ನಲ್ಲಿ.

ಹಾಲಿಸಿಕ್ಕಾ, ಸಿಂಧನೂರು

ರೂಪಾಯಿ ತಿರುಗಿ ಕೊಡೋ ಮೊದಲು ಅದರ ಎರಡೂ ಮುಖದ ಫೋಟೋ ಇಲ್ಲಿ ಹಾಕ್ರಿ. ಅದೇ ನಾಣ್ಯ ಬಿಡಿ ಪ್ರೂಫ್ ಅಂತ ಇನ್ನೊಬ್ಬರ ಹತ್ತಿರ ಬರ್ತದ, ತೆನಿ ಮ್ಯಾಲಿನ ಗೀರು ನೋಡಿ ಗುರುತು ಹಿಡಿಯಬಹುದು.